ಹರಿದ ಹುಡ್, ನಿಲ್ಲದ ಮಳೆ: ಜೀಪು, ಥಾರ್, ಕನ್ವರ್ಟಿಬಲ್ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತೆಂದರೆ ಈ ಪ್ರಶ್ನೆಗಳು ಶುರು. ಶಿರಸಿ ಕಡೆಯ ತೋಟದ ಜೀಪಿನವರು, ಕಾರವಾರದ ಥಾರ್ ಹುಡುಗರು, ಗೋವೆಯಿಂದ ಗೋಕರ್ಣಕ್ಕೆ ಕನ್ವರ್ಟಿಬಲ್ (ಛಾವಣಿ ಮಡಚುವ ಕಾರು) ಓಡಿಸಿಕೊಂಡು ಬಂದ ನೆಂಟರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಥರ. ಫೋನಿನಲ್ಲಿ, ಪತ್ರದಲ್ಲಿ, ಚಹಾ ಅಂಗಡಿಯಲ್ಲಿ ಬಂದದ್ದನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಹುಡ್ ಎಂದಲ್ಲೆಲ್ಲ ಮಡಚುವ ಬಟ್ಟೆ ಛಾವಣಿ ಎಂದೇ ತಿಳಿಯಿರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತುರ್ತು ರಿಪೇರಿ ಮನೆ ಮುಟ್ಟಿಸಿದರೆ ಸಾಕು. ಆದರೆ ಆಮೇಲೆ ಆಗಬೇಕಾದ ಸರಿಯಾದ ಕೆಲಸವನ್ನು ಅದು ಕೆಡಿಸಬಾರದು. ಎಷ್ಟೋ ಹುಡ್‌ಗಳು ಹಾಳಾಗುವುದು ಹರಿದದ್ದರಿಂದಲ್ಲ, ಹರಿದ ಮೇಲೆ ಹಚ್ಚಿದ್ದರಿಂದ.

## ದಾರಿಯಲ್ಲಿ ಸಿಕ್ಕಿಬಿದ್ದಾಗ

ದೇವಿಮನೆ ಘಾಟಿಯಲ್ಲಿ ಹುಡ್ ಹರೀತು, ಮಳೆ ಸುರೀತಾ ಇದೆ. ಮೊದಲು ಏನ್ ಮಾಡ್ಲಿ?

ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಎಂಬುದೇ ಮೊದಲ ಕೆಲಸ. ಕಡಿದ ಗುಡ್ಡದ ಬುಡ ಬೇಡವೇ ಬೇಡ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ದೊಡ್ಡ ಮರದಡಿಯೂ ಬೇಡ. ಸೀಟು ನೆನೆದರೆ ಒಣಗುತ್ತದೆ, ಬಯಲು ಜಾಗ ಸಿಗುವವರೆಗೆ ನಿಧಾನ ಹೋಗಿ.

ಹೊರಡುವ ಮುಂಚೆ ಕಿಟಕಿ ಎಲ್ಲ ಏರಿಸಿ. ಗಾಡಿ ಓಡುವಾಗ ಹುಡ್ ಮೇಲ್ಗಡೆ ಗಾಳಿಯ ಒತ್ತಡ ಕಡಿಮೆ, ಒಳಗಡೆ ಜಾಸ್ತಿ. ಅದಕ್ಕೇ ಬಟ್ಟೆ ಮೇಲಕ್ಕೆ ಉಬ್ಬುತ್ತದೆ. ಕಿಟಕಿ ತೆರೆದಿದ್ದರೆ ಇನ್ನಷ್ಟು ಉಬ್ಬಿ, ಗೇಣುದ್ದದ ಸೀಳು ಕುಮಟಾ ಮುಟ್ಟುವುದರೊಳಗೆ ಮೊಳದುದ್ದ ಆಗಿರುತ್ತದೆ. ಗಂಟೆಗೆ 40 ಕಿ.ಮೀ. ಒಳಗೇ ಇರಲಿ.

ಸುರಿಯುವ ಮಳೆಯಲ್ಲಿ ಹೊರಗಿನಿಂದ ಯಾವ ಟೇಪೂ ಅಂಟದು. ಒಳಗಿನಿಂದ ಕೆಲಸ ಮಾಡಿ. ಒಣ ಬಟ್ಟೆಯಲ್ಲಿ ಒರೆಸಿ, ಹೀಟರ್ ಇದ್ದರೆ ಬಿಸಿಗಾಳಿಯನ್ನು ಮೇಲಕ್ಕೆ ತಿರುಗಿಸಿ ಐದು-ಹತ್ತು ನಿಮಿಷ ಬಿಡಿ. ಒಬ್ಬರು ಸೀಳಿನ ಎರಡು ಅಂಚನ್ನು ಸೇರಿಸಿ ಹಿಡಿಯಲಿ, ಇನ್ನೊಬ್ಬರು ಅಡ್ಡಡ್ಡಕ್ಕೆ ಟೇಪಿನ ತುಂಡು ಹಾಕಲಿ. ಅದರ ಮೇಲೆ ಉದ್ದಕ್ಕೆ ಒಂದು ಪಟ್ಟಿ. ಹನಿ ಸೋರುತ್ತದೆ, ಸೋರಲಿ. ಸೀಳು ಬೆಳೆಯದಿದ್ದರೆ ಅಷ್ಟೇ ಸಾಕು.

ಹರಿದಿದೆಯಲ್ಲ, ಸುಮ್ನೆ ಮಡಚಿಟ್ಟು ಓಡಿಸಿದ್ರೆ ಆಗಲ್ವಾ?

ಬಿಸಿಲಿದ್ದರೂ ಬೇಡ. ಮಡಚುವಾಗ ಚೌಕಟ್ಟಿನ ಕೀಲುಗಳ ನಡುವೆ ಸಡಿಲ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಒಂದು ಸೀಳು ಇದ್ದದ್ದು ಮೂರಾಗುತ್ತದೆ. ತೇಪೆ ಬೀಳುವವರೆಗೆ ಹುಡ್ ಏರಿಸಿ, ಕೊಂಡಿ ಬಿಗಿದೇ ಇರಲಿ.

ಮೇಲಿಂದ ತಾಡಪತ್ರಿ ಹಾಕಿ ಕಟ್ಕೊಂಡು ಬರ್ಬಹುದಾ?

ನಿಂತ ಗಾಡಿಗೆ ಹಾಕಬಹುದು. ಓಡುವ ಗಾಡಿಗೆ ಬೇಡ. ಪಟಪಟ ಹೊಡೆದು ಪೇಂಟ್ ಕೀಳುತ್ತದೆ, ಹಗ್ಗ ಬಿಚ್ಚಿದರೆ ಹಿಂದೆ ಬರುವ ಬೈಕಿನವನ ಮುಖಕ್ಕೆ ಹೋಗುತ್ತದೆ. ಮನೆಯಲ್ಲಿ ನಿಲ್ಲಿಸಿ ಮುಚ್ಚುವಾಗಲೂ ಅಡಿಗೆ ಒಂದು ಹಳೇ ಬೆಡ್‌ಶೀಟ್ ಹಾಸಿ. ಮಳೆ ಬಿಟ್ಟ ತಕ್ಷಣ ತೆಗೆಯಿರಿ. ಪ್ಲಾಸ್ಟಿಕ್ ಅಡಿ ಬೆವರು ನಿಂತರೆ ಎರಡೇ ದಿನಕ್ಕೆ ಬೂಷ್ಟು.

ಗಾಡಿಯಲ್ಲಿ ಏನೇನು ಇಟ್ಕೊಂಡಿರಬೇಕು?

ಒಂದು ಬಿಸ್ಕಿಟ್ ಡಬ್ಬಿಯಲ್ಲಿ ಹಿಡಿಯುವಷ್ಟು. ಅಗಲದ ಬಟ್ಟೆ ಟೇಪು, ಪಾರದರ್ಶಕ ಪ್ಯಾಕಿಂಗ್ ಟೇಪು, ಕತ್ತರಿ, ದಬ್ಬಣ, ಗಟ್ಟಿ ಪಾಲಿಯೆಸ್ಟರ್ ದಾರ, ಮೇಣದಬತ್ತಿ ತುಂಡು, ಫೆವಿಬಾಂಡ್ ಥರದ ರಬ್ಬರ್ ಗೋಂದಿನ ಸಣ್ಣ ಟ್ಯೂಬು, ನಾಲ್ಕಾರು ಕೇಬಲ್ ಟೈ, ಎರಡು ಒಣ ಬಟ್ಟೆ. ಜೊತೆಗೆ ಮೊಳ ಅಗಲದ ಫ್ಲೆಕ್ಸ್ ತುಂಡು. ಫ್ಲೆಕ್ಸ್ ಎಂದರೆ ಪಾಲಿಯೆಸ್ಟರ್ ನೂಲಿನ ಮೇಲೆ ಪಿವಿಸಿ ಲೇಪ ಹಾಕಿದ್ದು, ರೆಕ್ಸಿನ್ ಹುಡ್‌ಗೆ ದೂರದ ನೆಂಟ. ಬ್ಯಾನರ್ ಪ್ರಿಂಟ್ ಮಾಡುವ ಅಂಗಡಿಯಲ್ಲಿ ಕತ್ತರಿಸಿ ಎಸೆದ ತುಂಡು ಕೇಳಿದರೆ ಸುಮ್ಮನೇ ಕೊಡುತ್ತಾರೆ. ಯಾರ ಮುಖ ಬಂದರೂ ಒಳಮುಖ ಮಾಡಿ ಅಂಟಿಸಿದರಾಯಿತು.

ಫೆವಿಕ್ವಿಕ್ ಹಾಕ್ಲಾ? ಎಂ-ಸೀಲ್? ಸಿಲಿಕಾನ್ ಹಚ್ಚಿದ್ರೆ ನೀರು ನಿಲ್ಲುತ್ತೆ ಅಂತಾರಲ್ಲ?

ಮೂರೂ ಬೇಡ, ಮೂರಕ್ಕೂ ಕಾರಣ ಬೇರೆ. ಫೆವಿಕ್ವಿಕ್ ಒಣಗಿದರೆ ಗಾಜಿನ ಹಾಗೆ ಗಡುಸು. ಹುಡ್ ಬಾಗುತ್ತದೆ, ಅದು ಬಾಗುವುದಿಲ್ಲ. ಅದರ ಅಂಚಿನಲ್ಲೇ ಬಟ್ಟೆ ಮತ್ತೆ ಹರಿಯುತ್ತದೆ. ಎಂ-ಸೀಲ್ ಕೂಡ ಕಲ್ಲಾಗುತ್ತದೆ, ಪೈಪಿಗೆ ಸರಿ.

ಸಿಲಿಕಾನ್ ಕತೆ ಇನ್ನೂ ಕೆಟ್ಟದ್ದು. ಅವತ್ತಿಗೆ ನೀರು ನಿಲ್ಲುತ್ತದೆ, ನಿಜ. ಆದರೆ ಸಿಲಿಕಾನ್ ಹತ್ತಿದ ಜಾಗಕ್ಕೆ ಆಮೇಲೆ ಯಾವ ಗೋಂದೂ ಹಿಡಿಯುವುದಿಲ್ಲ. ಪೂರ್ತಿ ಕೆರೆದು ತೆಗೆಯುವುದೂ ಅಸಾಧ್ಯ. ಗಾಡಿಯ ಸೀಟು, ಹುಡ್ ಹೊಲಿಯುವ ಕುಶನ್ ಕೆಲಸದವರ ಹತ್ತಿರ ಅಂಥ ಹುಡ್ ಒಯ್ದು ನೋಡಿ, ಮುಖ ಕಿವುಚುತ್ತಾರೆ. ನೂರು ರೂಪಾಯಿ ಟ್ಯೂಬಿನಲ್ಲಿ ಕೆಲಸ ಮುಗಿಸಿದ ಖುಷಿ ಹುಡ್ ಬದಲಿಸುವ ಬಿಲ್ಲಿನಲ್ಲಿ ಹೋಗುತ್ತದೆ.

## ತೇಪೆ, ಹೊಲಿಗೆ, ಕಿಟಕಿ

ನನ್ನ ಹುಡ್ ರೆಕ್ಸಿನ್ನಾ, ಬಟ್ಟೆನಾ? ಹೇಗೆ ಗೊತ್ತಾಗುತ್ತೆ?

ಒಂದು ಚಮಚ ನೀರು ಹಾಕಿ ಬೆರಳಿನಿಂದ ಸವರಿ. ಮೇಲ್ಮೈ ನುಣುಪಾಗಿ, ಒರೆಸಿದರೆ ತಕ್ಷಣ ಒಣಗಿದರೆ ಅದು ಪಿವಿಸಿ ಲೇಪದ್ದು. ನಾವು ರೆಕ್ಸಿನ್ ಎನ್ನುತ್ತೇವೆ. ನೇಯ್ಗೆಯ ಎಳೆ ಕೈಗೆ ಸಿಕ್ಕಿ, ನೀರು ಎಳೆಗಳ ನಡುವೆ ಕೂತರೆ ಅದು ಬಟ್ಟೆ ಹುಡ್. ದುಬಾರಿ ಕನ್ವರ್ಟಿಬಲ್‌ಗಳಲ್ಲಿ ಸಾಮಾನ್ಯವಾಗಿ ಮೂರು ಪದರ: ಮೇಲೆ ಅಕ್ರಿಲಿಕ್ ನೇಯ್ಗೆ, ನಡುವೆ ರಬ್ಬರ್, ಒಳಗೆ ಹತ್ತಿ ಅಥವಾ ಪಾಲಿಯೆಸ್ಟರ್. ನೀರು ತಡೆಯುವುದು ನಡುವಿನ ರಬ್ಬರ್. ಹಾಗಾಗಿ ಮೇಲಿನ ಎಳೆ ಸ್ವಲ್ಪ ಕಿತ್ತ ಮಾತ್ರಕ್ಕೆ ಗಾಬರಿ ಬೇಡ. ಹಳೇ ಜೀಪುಗಳಲ್ಲಿ ಶುದ್ಧ ಕ್ಯಾನ್ವಾಸ್ ಕೂಡ ಸಿಗುತ್ತದೆ.

ಮಳೆ ಬಿಟ್ಟಿದೆ, ಮನೆಗೆ ಬಂದೆ. ಒಂದೆರಡು ತಿಂಗಳು ತಡೆಯೋ ಹಾಗೆ ತೇಪೆ ಹಾಕೋದು ಹೇಗೆ?

ಟೇಪು ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ. ಬಿಸಿಲಿಗೆ ಬೆಚ್ಚಗಾದ ಮೇಲೆ ನಿಧಾನ ಎಳೆಯಿರಿ. ಉಳಿದ ಗೋಂದನ್ನು ಅದೇ ಟೇಪಿನ ತುಂಡಿನಿಂದ ಒತ್ತಿ ಒತ್ತಿ ಎತ್ತಿ. ಪೆಟ್ರೋಲು, ಥಿನ್ನರ್ ಮುಟ್ಟಿಸಬೇಡಿ, ರೆಕ್ಸಿನ್‌ನ ಲೇಪ ಮೆತ್ತಗಾಗಿ ಹೋಗುತ್ತದೆ.

ಶಾಂಪೂ ನೀರಲ್ಲಿ ತೊಳೆದು ಒಣಗಿಸಿ. ಮುಟ್ಟಿದರೆ ಒಣಗಿದೆ ಅನ್ನಿಸುವುದು ಬೇರೆ, ಒಣಗಿರುವುದೇ ಬೇರೆ. ಸೀಳಿನ ಅಂಚಿನ ನೂಲುಗಳು ನೀರು ಹಿಡಿದಿಟ್ಟುಕೊಳ್ಳುತ್ತವೆ. ಮಳೆಗಾಲದಲ್ಲಿ ಫ್ಯಾನ್ ಅಡಿ ಒಂದು ರಾತ್ರಿ ಬಿಡುವುದು ಒಳ್ಳೆಯದು.

ತೇಪೆ ಸೀಳಿಗಿಂತ ಎಲ್ಲ ಕಡೆ ಎರಡಿಂಚು ದೊಡ್ಡದಿರಲಿ. ನಾಲ್ಕೂ ಮೂಲೆ ದುಂಡಗೆ ಕತ್ತರಿಸಿ. ಚೂಪು ಮೂಲೆ ಗಾಳಿಗೆ ಮೊದಲು ಏಳುತ್ತದೆ. ಸೀಳಿನಿಂದ ಹೊರಬಂದ ನೂಲನ್ನು ಎಳೆಯಬೇಡಿ, ಕತ್ತರಿಸಿ.

ರಬ್ಬರ್ ಗೋಂದನ್ನು ತೇಪೆಗೂ ಹಚ್ಚಿ, ಹುಡ್‌ಗೂ ಹಚ್ಚಿ. ತೆಳ್ಳಗೆ. ಆಮೇಲೆ ಕಾಯಬೇಕು. ಇಲ್ಲೇ ಎಲ್ಲರೂ ಅವಸರ ಮಾಡುವುದು. ಬೆರಳಿನ ಗೆಣ್ಣಿನಿಂದ ಮುಟ್ಟಿದರೆ ಅಂಟು ಅನ್ನಿಸಬೇಕು, ಆದರೆ ಗೆಣ್ಣಿಗೆ ಮೆತ್ತಿಕೊಳ್ಳಬಾರದು. ಬೇಸಿಗೆಯಲ್ಲಿ ಹತ್ತು ನಿಮಿಷ ಸಾಕು, ಶಿರಸಿಯ ಜುಲೈನಲ್ಲಿ ಅರ್ಧ ಗಂಟೆಯೂ ಆಗಬಹುದು. ಹದ ಬಂದ ಮೇಲೆ ಒಂದು ಅಂಚಿನಿಂದ ಶುರು ಮಾಡಿ, ಗಾಳಿ ಸಿಕ್ಕಿಕೊಳ್ಳದ ಹಾಗೆ ಸವರುತ್ತಾ ಹೋಗಿ. ಒಳಗಡೆಯಿಂದ ಯಾರಾದರೂ ಮಣೆ ಒತ್ತಿಹಿಡಿದರೆ, ಹೊರಗಿನಿಂದ ಲೋಟದ ಬುಡದಲ್ಲಿ ಗಟ್ಟಿಯಾಗಿ ಉಜ್ಜಬಹುದು. ಗೋಂದಿನ ಆವಿಗೆ ಬೆಂಕಿ ಹತ್ತುತ್ತದೆ. ಬೀಡಿ ಸೇದುವವರನ್ನು ದೂರ ಕಳಿಸಿ.

ಒಳಗೊಂದು, ಹೊರಗೊಂದು ತೇಪೆ ಹಾಕಿದರೆ ಗಟ್ಟಿ. ಒಂದೇ ಸಾಧ್ಯ ಎಂದಾದರೆ ನಾನಂತೂ ಒಳಗಡೆಯದ್ದನ್ನೇ ಆರಿಸುತ್ತೇನೆ. ಗಾಳಿ ಅದನ್ನು ಹುಡ್‌ಗೇ ಒತ್ತುತ್ತದೆ, ನೋಡಲಿಕ್ಕೂ ಅಸಹ್ಯ ಇಲ್ಲ. ಒಂದು ದಿನ ಮಡಚಬೇಡಿ. ಪಿವಿಸಿಯಲ್ಲಿರುವ ಎಣ್ಣೆಯಂಥ ಅಂಶ ನಿಧಾನಕ್ಕೆ ರಬ್ಬರ್ ಗೋಂದನ್ನು ಮೆತ್ತಗೆ ಮಾಡುತ್ತದೆ. ಆದ್ದರಿಂದ ರೆಕ್ಸಿನ್ ಮೇಲೆ ಇದು ಶಾಶ್ವತ ಅಲ್ಲ. ದೀಪಾವಳಿಯವರೆಗೆ ಎಳೆಯುವ ಲೆಕ್ಕ.

ಬಟ್ಟೆ ಚೆನ್ನಾಗೇ ಇದೆ, ಹೊಲಿಗೆ ಮಾತ್ರ ಬಿಟ್ಟಿದೆ. ಬಲೆ ದಾರದಲ್ಲಿ ಹೊಲೀಬಹುದಾ?

ಹುಡ್‌ಗಿಂತ ದಾರ ಮೊದಲು ಸಾಯುವುದು ಸಹಜ. ಬಿಸಿಲಿಗೆ ಪುಡಿಯಾಗುತ್ತದೆ. ಬೈತಖೋಲ್, ತದಡಿ, ಹೊನ್ನಾವರದ ಕಡೆಯವರು ಬಲೆ ದಾರದ ಬಗ್ಗೆ ಕೇಳಿಯೇ ಕೇಳುತ್ತಾರೆ. ತುರ್ತಿಗೆ ಧಾರಾಳ ಆಗುತ್ತದೆ. ಆದರೆ ಬಲೆಯ ನೈಲಾನ್ ಬಿಸಿಲಿಗೆ ಪಾಲಿಯೆಸ್ಟರ್‌ನಷ್ಟು ತಾಳುವುದಿಲ್ಲ, ನುಣುಪಾದ್ದರಿಂದ ಗಂಟೂ ಜಾರುತ್ತದೆ. ಪಾಲಿಯೆಸ್ಟರ್ ಸಿಕ್ಕರೆ ಅದೇ ಮೇಲು.

ದಾರವನ್ನು ಮೇಣದಬತ್ತಿಯ ಮೇಲೆ ಎರಡು ಸಲ ಎಳೆಯಿರಿ. ಮುಖ್ಯ ಮಾತು: ಹಳೇ ತೂತಿನಲ್ಲೇ ಸೂಜಿ ಹೋಗಬೇಕು. ಹೊಸ ತೂತು ಮಾಡುತ್ತಾ ಹೋದರೆ ಅಂಚೆ ಚೀಟಿಯ ಅಂಚಿನಂತೆ ಸಾಲು ತೂತಾಗಿ ಅಲ್ಲೇ ಹರಿಯುತ್ತದೆ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಎಂಬ ಹಿಮ್ಮುಖ ಹೊಲಿಗೆ ಹಾಕಿ. ಒಂದು ಕಡೆ ಕಡಿದರೂ ಪೂರ್ತಿ ಬಿಚ್ಚುವುದಿಲ್ಲ. ಬಿಟ್ಟ ಜಾಗಕ್ಕಿಂತ ಎರಡಿಂಚು ಹಿಂದಿನಿಂದ ಶುರು ಮಾಡಿ, ಎರಡಿಂಚು ಮುಂದೆ ಹೋಗಿ ಮುಗಿಸಿ. ಕೊನೆಗೆ ಹೊಲಿಗೆಯ ಮೇಲೆ ಮೇಣ ಉಜ್ಜಿ, ಬೆರಳಿನ ಬಿಸಿಗೆ ಒಳಗಿಳಿಸಿ. ಕೈ ಬರದವರು ಚಪ್ಪಲಿ ಹೊಲಿಯುವವರ ಹತ್ತಿರ ಹೋಗಬಹುದು. ಸಣ್ಣ ಹೊಲಿಗೆಯನ್ನು ಗಾಡಿ ಹತ್ತಿರವೇ ಬಂದು ಹಾಕಿಕೊಡುತ್ತಾರೆ.

ಹಿಂದಿನ ಪ್ಲಾಸ್ಟಿಕ್ ಕಿಟಕಿ ಉದ್ದಕ್ಕೆ ಸೀಳಿಬಿಟ್ಟಿದೆ.

ಸೀಳಿನ ಎರಡೂ ತುದಿಯಲ್ಲಿ ಕಾಸಿದ ಮೊಳೆಯಿಂದ ಒಂದೊಂದು ಸಣ್ಣ ದುಂಡು ತೂತು ಮಾಡಿ. ದುಂಡಗಿನ ಅಂಚಿನಿಂದ ಸೀಳು ಸುಲಭಕ್ಕೆ ಮುಂದೆ ಓಡುವುದಿಲ್ಲ. ಆಮೇಲೆ ಒಳಗೂ ಹೊರಗೂ ಪ್ಯಾಕಿಂಗ್ ಟೇಪು, ಎರಡೂ ಎದುರುಬದುರು. ಒರೆಸಲು ಶಾಂಪೂ ನೀರು ಸಾಕು. ಅಮೋನಿಯಾ ಇರುವ ಗಾಜಿನ ಕ್ಲೀನರ್, ಸ್ಪಿರಿಟ್ ಹಾಕಿದರೆ ಪ್ಲಾಸ್ಟಿಕ್ ಮಬ್ಬಾಗುತ್ತದೆ. ಅದರಲ್ಲಿ ಹಿಂದೆ ಕಾಣದಿದ್ದರೆ, ಬದಿಯ ಕನ್ನಡಿ ಎರಡೂ ಸರಿಯಿದ್ದರಷ್ಟೇ ಹೊರಡಿ. ಪ್ಲಾಸ್ಟಿಕ್ ಮಾತ್ರ ಬದಲಿಸಿ ಹೊಲಿದುಕೊಡುವುದು ಕುಶನ್ ಕೆಲಸದವರಿಗೆ ದೊಡ್ಡ ಕೆಲಸವಲ್ಲ.

ಹೊಸದು ಹಾಕಿಸಿದ ಮೇಲೆ ಒಂದು ಅಭ್ಯಾಸ ಇಟ್ಟುಕೊಳ್ಳಿ. ಮಡಚುವಾಗ ಕಿಟಕಿಯ ನಡುವೆ ಮೆತ್ತನೆ ಟವೆಲ್ ಇಡಿ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಪ್ಲಾಸ್ಟಿಕ್ ಬಿರುಸಾಗಿರುತ್ತದೆ, ಬಿಸಿಲು ಬಿದ್ದ ಮೇಲೆ ಮಡಚಿ.

ನಮ್ಮದು ಗಾಜಿನ ಕಿಟಕಿ. ಅದೇ ಬಟ್ಟೆಯಿಂದ ಬಿಟ್ಟುಕೊಳ್ತಾ ಇದೆ.

ಹುಡ್ ಅಲ್ಲಾಡಿಸಬೇಡಿ. ಮಡಚಿದರೆ ಗಾಜು ಕಳಚಿ ಬೀಳಬಹುದು. ಸುತ್ತ ಅಗಲ ಟೇಪು ಹಾಕಿ ನಿಧಾನ ತನ್ನಿ. ಗಾಜಿನ ಮಂಜು ಬಿಡಿಸುವ ಡಿಫಾಗರ್ ತಂತಿ ಇದ್ದರೆ ಎಳೆಯಬೇಡಿ. ಮುಂದಿನ ಗಾಜು ಕೂರಿಸುವವರು ಬಳಸುವ ಯುರೆಥೇನ್ ಅಂಟೇ ಇದಕ್ಕೂ ಬೇಕು. ಮನೆಯಲ್ಲಿ ಮಾಡುವ ಕೆಲಸವಲ್ಲ.

ಟಿಚ್ ಬಟನ್ ಕಿತ್ತುಬಂದಿದೆ, ಜಿಪ್ ಹಾಕಿದ್ರೂ ಹಿಂದೆ ಬಾಯಿ ಬಿಡುತ್ತೆ.

ಬಟನ್ ಕಿತ್ತ ತೂತಿಗೆ ಹಿಂದಿನಿಂದ ರೆಕ್ಸಿನ್ ತುಂಡು ಕೊಟ್ಟು ಹೊಸ ಬಟನ್ ಹಾಕಿಸಬೇಕು. ಅಲ್ಲಿಯವರೆಗೆ ಆ ತೂತಿನಲ್ಲೇ ಕೇಬಲ್ ಟೈ ತೂರಿಸಿ ಚೌಕಟ್ಟಿಗೆ ಕಟ್ಟಿ. ಜಿಪ್ ಬಾಯಿ ಬಿಟ್ಟರೆ ತಪ್ಪು ಸಾಮಾನ್ಯವಾಗಿ ಹಲ್ಲಿನದ್ದಲ್ಲ, ಹಲ್ಲುಗಳ ಮೇಲೆ ಓಡಾಡಿ ಸವೆದು ಅಗಲವಾದ ಓಟದ ಗುಂಡಿಯದ್ದು. ಇಕ್ಕಳದಿಂದ ಅದರ ಎರಡೂ ಬದಿ ಒಂದಿಷ್ಟೇ ಒತ್ತಿ. ಜಾಸ್ತಿ ಒತ್ತಿದರೆ ಒಡೆಯುತ್ತದೆ. ಹಲ್ಲಿಗೆ ಮೇಣ ಉಜ್ಜಿ.

ಮಂಗ ಹಾರಿ ಹುಡ್ ಹರಿದುಹಾಕ್ತು. ತೇಪೆ ಹಾಕಿದ ಮೇಲೂ ಮತ್ತೆ ಬರ್ತಿದೆ, ಏನ್ ಮಾಡೋಣ?

ಒಳಗೆ ಬಾಳೆಹಣ್ಣು, ಚಿಪ್ಸ್ ಪ್ಯಾಕೆಟ್ ಇಡಬೇಡಿ. ಮಂಗ ಹುಡ್ ಹರಿಯುವುದು ಸಿಟ್ಟಿಗಲ್ಲ, ಹೊಟ್ಟೆಗೆ. ಘಾಟಿಯಲ್ಲಿ ನಿಲ್ಲಿಸಿ ಮಂಗಕ್ಕೆ ತಿಂಡಿ ಕೊಡುವ ಪ್ರವಾಸಿಗರಿಂದಾಗಿ, ನಿಂತ ಗಾಡಿ ಎಂದರೆ ಊಟ ಎಂದು ಅವು ಕಲಿತಿವೆ. ಉಗುರಿನ ಸೀಳು ಸಣ್ಣದಾದರೂ ಹಲವು ಇರುತ್ತವೆ. ಒಳಗೆ ಕೂತು ಹಗಲು ಬೆಳಕಲ್ಲಿ ಮೇಲೆ ನೋಡಿ, ಚುಕ್ಕಿ ಬೆಳಕು ಕಂಡಲ್ಲೆಲ್ಲ ಸುಣ್ಣದ ಬಳಪದಲ್ಲಿ ಗುರುತು ಹಾಕಿಕೊಳ್ಳಿ.

## ನೀರು, ಬೂಷ್ಟು, ಉಪ್ಪು

ಎಲ್ಲೂ ಹರಿದಿಲ್ಲ, ಆದ್ರೂ ಕಾಲಡಿ ನೀರು ನಿಲ್ಲುತ್ತೆ. ಎಲ್ಲಿಂದ ಬರ್ತಿದೆ?

ಕನ್ವರ್ಟಿಬಲ್‌ಗಳಲ್ಲಿ ಹುಡ್‌ನ ಹಿಂಬದಿ ಬುಡದಲ್ಲಿ ನೀರು ಹರಿದುಹೋಗಲು ಸಣ್ಣ ಕೊಳವೆಗಳಿರುತ್ತವೆ. ಮರದಡಿ ನಿಲ್ಲಿಸುವ ಗಾಡಿಯಲ್ಲಿ ಎಲೆ, ಹೂವಿನ ಪಕಳೆ, ಧೂಳು ಸೇರಿ ಅವು ಕಟ್ಟಿಕೊಳ್ಳುತ್ತವೆ. ನೀರು ಒಳಗೆ ಮಗುಚುತ್ತದೆ. ದಪ್ಪ ನೈಲಾನ್ ತಂತಿಯನ್ನು ನಿಧಾನ ತೂರಿಸಿ, ಲೋಟದಿಂದ ನೀರು ಬಿಟ್ಟು, ಗಾಡಿಯಡಿ ಬೀಳುತ್ತದಾ ನೋಡಿ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಬೇಡಿ. ಒಳಗೆಲ್ಲೋ ಕೊಳವೆ ಕಳಚಿಕೊಂಡರೆ ಹುಡುಕುವುದೇ ಕಷ್ಟ.

ಕೊಳವೆ ಸರಿಯಿದ್ದರೆ ರಬ್ಬರ್ ಅಂಚು ನೋಡಿ. ಒಬ್ಬರು ಒಳಗೆ ಕೂರಲಿ, ಇನ್ನೊಬ್ಬರು ಪೈಪಿನಲ್ಲಿ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಜಾಗಕ್ಕೆ ನೀರು ಬಿಡಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು, ಸೋರಿದ್ದು ಎಲ್ಲಿಂದ ಎಂದು ತಿಳಿಯುವುದಿಲ್ಲ. ನೆನೆದ ಕಾರ್ಪೆಟ್ ಎತ್ತಿ ಒಣಗಿಸಿ. ಕೆಲವು ಗಾಡಿಗಳಲ್ಲಿ ವೈರಿಂಗ್ ಅದರಡಿಯೇ ಹೋಗಿರುತ್ತದೆ.

ಒದ್ದೆಯಿದ್ದಾಗಲೇ ಮಡಚಿಟ್ಟೆ. ಈಗ ಬೂಷ್ಟು ಹಿಡಿದು ವಾಸನೆ ಬರ್ತಿದೆ.

ಬಿಸಿಲು ಕಂಡ ಕೂಡಲೇ ಬಿಚ್ಚಿ ಹರವಿ. ಒಣ ಬ್ರಷ್‌ನಿಂದ ಬೂಷ್ಟು ಉದುರಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆಮೇಲೆ ಶಾಂಪೂ ನೀರು, ಮೆತ್ತನೆ ಬ್ರಷ್, ಬೇಕಾದಷ್ಟು ಸಾದಾ ನೀರು. ಬ್ಲೀಚಿಂಗ್ ಪುಡಿ ಹಾಕಿದರೆ ಬೂಷ್ಟಿನ ಜೊತೆ ಹೊಲಿಗೆಯ ದಾರವೂ ಹೋಗುತ್ತದೆ. ಬಟ್ಟೆ ಹುಡ್ ಆದರೆ ಪೂರ್ತಿ ಒಣಗಿದ ಮೇಲೆ ನೀರು ತಡೆಯುವ ಸ್ಪ್ರೇ ಹೊಡೆಯಬೇಕು. ನೀರು ಮಣಿಯಂತೆ ಉರುಳಿದರೆ ಸರಿ, ಹೀರಿಕೊಂಡರೆ ಇನ್ನೊಂದು ಸುತ್ತು.

ತೋಟದಲ್ಲಿ ನಿಲ್ಲಿಸಿದ್ದೆ. ಕೊಳೆ ಔಷಧಿ ಹೊಡೆಯುವಾಗ ಹುಡ್ ಮೇಲೆಲ್ಲ ಸಿಡಿದಿದೆ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಎಂದರೆ ಮೈಲುತುತ್ತ ಮತ್ತು ಸುಣ್ಣ. ಒಣಗುವ ಮುಂಚೆ ನೀರು ಹೊಯ್ದರೆ ಹೋಗುತ್ತದೆ. ಒಣಗಿದರೆ ನೀಲಿ ಕಲೆ ಬಟ್ಟೆಯಲ್ಲಿ ಉಳಿಯುತ್ತದೆ, ಉಜ್ಜಿದಷ್ಟೂ ಎಳೆ ಸವೆಯುತ್ತದೆ. ಮರದಡಿ ನಿಲ್ಲಿಸುವ ಅಭ್ಯಾಸವನ್ನೇ ಬಿಡಿ. ಮೇಲಿನಿಂದ ಅಡಿಕೆಯ ಒಂದು ಹೆಡೆ (ಗರಿ) ಹಾಳೆ ಸಮೇತ ಬಿದ್ದರೆ ಬಟ್ಟೆ ಹುಡ್‌ನ ಗತಿ ಹೇಳಬೇಕಾಗಿಲ್ಲ.

ಕಾರವಾರದಲ್ಲಿ ಸಮುದ್ರದ ಎದುರೇ ಮನೆ. ಹುಡ್‌ಗೆ ಬೇರೆ ಏನಾದ್ರೂ ಮಾಡ್ಬೇಕಾ?

ಬಟ್ಟೆಗಿಂತ ಚೌಕಟ್ಟಿನ ಚಿಂತೆ ಮಾಡಿ. ಉಪ್ಪುಗಾಳಿಗೆ ಕಬ್ಬಿಣದ ಕೀಲು, ರಿವೆಟ್ ತುಕ್ಕು ಹಿಡಿದು ಉಬ್ಬುತ್ತವೆ, ಆ ಒರಟು ಅಂಚೇ ಒಳಗಿನಿಂದ ಬಟ್ಟೆ ಕೊರೆಯುತ್ತದೆ. ಕಾರಣ ಗೊತ್ತಿಲ್ಲದೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹರಿದರೆ ಅಲ್ಲಿ ಬೆರಳಾಡಿಸಿ ನೋಡಿ. ವಾರಕ್ಕೊಮ್ಮೆ ಸಿಹಿನೀರಲ್ಲಿ ತೊಳೆಯಿರಿ. ಬಟನ್, ಸ್ಕ್ರೂ ಬದಲಿಸುವಾಗ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಕೇಳಿ. ರಬ್ಬರ್ ಅಂಚಿಗೆ ಸಿಲಿಕಾನ್ ಸ್ಪ್ರೇ ಹೊಡೆಯಬಹುದು, ಆದರೆ ತೇಪೆ ಹಾಕುವ ಜಾಗಕ್ಕೆ ತಾಗಬಾರದು. ತೆಂಗಿನೆಣ್ಣೆ ಬೇಡ. ಧೂಳು ಹಿಡಿದು ಜಿಗುಟಾಗುತ್ತದೆ.

## ದೊಡ್ಡ ಕೆಲಸ, ದುಡ್ಡು, ಕಾಗದಪತ್ರ

ಬಟನ್ ಒತ್ತಿದ್ರೆ ತಾನೇ ಮಡಚೋ ಹುಡ್ ಅರ್ಧಕ್ಕೆ ನಿಂತಿದೆ. ಮಳೆ ಬರೋ ಹಾಗಿದೆ!

ಎಂಜಿನ್ ಚಾಲೂ ಮಾಡಿ ಮತ್ತೆ ಒತ್ತಿ. ಬ್ಯಾಟರಿ ಸೊರಗಿದ್ದರೆ ಪಂಪು ಎತ್ತುವುದಿಲ್ಲ. ಆಮೇಲೆ ಡಿಕ್ಕಿ ನೋಡಿ. ಹುಡ್ ಕೂರುವ ಜಾಗವನ್ನು ಬೇರ್ಪಡಿಸುವ ಪರದೆ ಸರಿಯಾಗಿ ಸಿಕ್ಕಿಸಿರದಿದ್ದರೆ, ಅಥವಾ ಬ್ಯಾಗು ಅದನ್ನು ತಳ್ಳುತ್ತಿದ್ದರೆ, ಎಷ್ಟೋ ಗಾಡಿಗಳು ಹುಡ್ ಅಲ್ಲಾಡಲು ಬಿಡುವುದಿಲ್ಲ. ಡಿಕ್ಕಿ ಪೂರ್ತಿ ಮುಚ್ಚಿದೆಯಾ? ಫ್ಯೂಸ್ ಹೋಗಿದೆಯಾ? ಹತ್ತಾರು ಸಲ ಒತ್ತಿ ಮೋಟಾರ್ ಬಿಸಿಯಾಗಿದ್ದರೆ ಕಾಲು ಗಂಟೆ ಬಿಡಿ.

ಆಗಲೂ ಆಗದಿದ್ದರೆ ಕೈಯಲ್ಲಿ ಏರಿಸುವ ದಾರಿ ಗಾಡಿಯ ಪುಸ್ತಕದಲ್ಲಿರುತ್ತದೆ. ಹೈಡ್ರಾಲಿಕ್ ಪಂಪು ಇರುವ ಹಲವು ಗಾಡಿಗಳಲ್ಲಿ ಒತ್ತಡ ಬಿಡುವ ಸ್ಕ್ರೂ ಇದೆ. ಅದನ್ನು ಸಡಿಲಿಸದೆ ಎಳೆದರೆ ಚೌಕಟ್ಟು ಸೊಟ್ಟಗಾಗುತ್ತದೆ. ಇಗ್ನಿಷನ್ ಆಫ್ ಮಾಡಿ. ಎರಡೂ ಬದಿ ಒಬ್ಬೊಬ್ಬರು ನಿಂತು ಒಟ್ಟಿಗೆ, ಸಮಕ್ಕೆ ಎತ್ತಿ. ಕೀಲುಗಳ ನಡುವೆ ಬೆರಳು ಇಡಬೇಡಿ, ತುಂಡಾಗುವಷ್ಟು ಜೋರಾಗಿ ಮುಚ್ಚುತ್ತವೆ. ಮುಂದಿನ ಕೊಂಡಿ ಬಿಗಿಯಾಗದೆ ಗಾಡಿ ಓಡಿಸಬಾರದು. ಹಲವು ಗಾಡಿಗಳಲ್ಲಿ ಅದನ್ನು ಆಲನ್ ಕೀಯಿಂದ ತಿರುಗಿಸಿ ಬಿಗಿಯಬಹುದು.

ಕುಶನ್ ಕೆಲಸದವರಿಗೆ ಕೊಡ್ಲಾ, ಹೊಸ ಹುಡ್ಡೇ ತರಿಸ್ಲಾ?

ಸೀಳಿನಿಂದ ಒಂದು ಗೇಣು ದೂರದಲ್ಲಿ ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ಮಡಚಿ ನೋಡಿ. ಮಡಿಕೆಯಲ್ಲಿ ಬಿರುಕು ಕಂಡರೆ, ಬಿಳಿ ಪುಡಿ ಉದುರಿದರೆ, ತೇಪೆಗೆ ದುಡ್ಡು ಹಾಕಬೇಡಿ. ಇವತ್ತು ಇಲ್ಲಿ, ನಾಳೆ ಅಲ್ಲಿ. ಮೆತ್ತಗೆ ಮಡಚಿಕೊಂಡರೆ ರಿಪೇರಿಗೆ ಯೋಗ್ಯ.

ರೆಕ್ಸಿನ್ ಹುಡ್ ಆದರೆ ಲಾರಿ ತಾಡಪತ್ರಿ, ಫ್ಲೆಕ್ಸ್ ಜೋಡಿಸುವವರ ಹತ್ತಿರ ಬಿಸಿಗಾಳಿ ಯಂತ್ರ ಇರುತ್ತದೆ. ಪಿವಿಸಿಗೆ ಪಿವಿಸಿ ಕರಗಿಸಿ ಕೂಡಿಸಿದ್ದು ಗೋಂದಿಗಿಂತ ಎಷ್ಟೋ ಗಟ್ಟಿ. ಬಟ್ಟೆ ಹುಡ್‌ಗೆ ಇದು ಆಗದು. ಹೊಲಿಸುವಾಗ ಪಾಲಿಯೆಸ್ಟರ್ ದಾರವೇ ಬೇಕು, ಹೊಲಿಗೆ ಮೇಲೆ ಸೀಲಿಂಗ್ ಪಟ್ಟಿ ಬೇಕು ಎಂದು ಮೊದಲೇ ಹೇಳಿ. ಜೀಪಿನ ಹುಡ್ ನಮ್ಮಲ್ಲೇ ಚೆನ್ನಾಗಿ ಹೊಲಿಯುತ್ತಾರೆ. ಯಂತ್ರದಿಂದ ಮಡಚುವ ಹುಡ್‌ಗೆ ಅಳತೆ ಅರ್ಧ ಇಂಚು ತಪ್ಪಿದರೂ ಕೊಂಡಿ ಕೂರುವುದಿಲ್ಲ. ಅದಕ್ಕೆ ಕಂಪನಿಯದ್ದೇ ಲೇಸು.

ತೆಂಗಿನಕಾಯಿ ಬಿದ್ದು ಹುಡ್ ಹರೀತು. ಇನ್ಶೂರೆನ್ಸ್ ಸಿಗುತ್ತಾ?

ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಇಲ್ಲ. ಪೂರ್ಣ ಪಾಲಿಸಿಯಲ್ಲಿ ಹೊರಗಿನಿಂದ ಆದ ಆಕಸ್ಮಿಕ ಹಾನಿ, ನೆರೆ, ಬಿರುಗಾಳಿ, ಗುಡ್ಡಕುಸಿತ ಸೇರುತ್ತವೆ. ಹಳತಾಗಿ ಸವೆದು ಹರಿದದ್ದು ಸೇರುವುದಿಲ್ಲ. ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿ ಎಂದು 50% ಕಳೆಯುವ ಪದ್ಧತಿ ಇದೆ, ಸವಕಳಿ ಕಳೆಯದ ಜೀರೋ ಡೆಪ್ರಿಸಿಯೇಷನ್ ಸೇರಿಸಿಕೊಂಡಿದ್ದರೆ ಅನುಕೂಲ. ಟೇಪು ಹಚ್ಚುವ ಮುಂಚೆಯೇ ಫೋಟೋ ತೆಗೆಯಿರಿ: ಸೀಳು, ಬಿದ್ದ ಕಾಯಿ, ನಂಬರ್ ಪ್ಲೇಟ್ ಒಂದೇ ಚಿತ್ರದಲ್ಲಿ ಬಂದರೆ ಒಳ್ಳೆಯದು. ವಿಮೆಯವರ ಸರ್ವೇಯರ್ ಹಾನಿ ನೋಡುವ ಮುಂಚೆ ತುರ್ತು ತೇಪೆಗಿಂತ ಹೆಚ್ಚಿನದೇನೂ ಮಾಡಿಸಬೇಡಿ.

ಈ ರಗಳೆಯೇ ಬೇಡ, ಹಾರ್ಡ್ ಟಾಪ್ ಹಾಕಿಸಿಬಿಡ್ಲಾ?

ಆಸೆ ಸಹಜ, ಆಗಸ್ಟ್‌ನಲ್ಲಂತೂ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ನಿಮ್ಮ ಆರ್‌ಸಿಯಲ್ಲಿ ಬಾಡಿ ಯಾವ ಬಗೆ ಎಂದು ಬರೆದಿದೆ ನೋಡಿ. ಕೆಎ-30 ಆದರೆ ಕಾರವಾರ, ಕೆಎ-31 ಆದರೆ ಶಿರಸಿ, ಕೆಎ-47 ಆದರೆ ಹೊನ್ನಾವರದ ಆರ್‌ಟಿಓ ಕಚೇರಿಯಲ್ಲಿ ಮೊದಲು ವಿಚಾರಿಸಿ, ಆಮೇಲೆ ಅಡ್ವಾನ್ಸ್ ಕೊಡಿ. ಒಪ್ಪಿಗೆ ಸಿಕ್ಕಿದರೆ ವಿಮಾ ಕಂಪನಿಗೂ ತಿಳಿಸಬೇಕು. ತೆಗೆದ ಹುಡ್ ಅನ್ನು ಮಾರಬೇಡಿ. ಒಣಗಿಸಿ, ಮಡಚದೆ ಸಡಿಲವಾಗಿ ಸುತ್ತಿ, ಇಲಿ ಹೋಗದ ಅಟ್ಟದಲ್ಲಿಡಿ. ಜನವರಿಯಲ್ಲಿ ಮನಸ್ಸು ಬದಲಾಗುತ್ತದೆ.